ನಲವತ್ತೆರಡನೆಯ ಬಾಟಲಿ

ಹೋದ ತಿಂಗಳು ನಮ್ಮ ಓಣಿಯ ಭಾಗ್ಯ ಒಂದು ಚಿಕ್ಕ ಪ್ಲಾಸ್ಟಿಕ್ ಕೊಳವೆ ತಂದು ನನ್ನ ಅಂಗೈಯಲ್ಲಿಟ್ಟಳು. ಈ ಹುಡುಗಿ ಈಗಷ್ಟೇ ಆರೋಗ್ಯ ಕೇಂದ್ರದಲ್ಲಿ ನರ್ಸಾಗಿ ಸೇರಿದ್ದಾಳೆ. ಕೊಳವೆಯೊಳಗೆ ಮೆತ್ತನೆಯದೊಂದು ಬ್ರಶ್ಶಿತ್ತು. ಗರ್ಭಕೊರಳಿನ ಕ್ಯಾನ್ಸರನ್ನು ಮೊದಲೇ ಪತ್ತೆ ಹಚ್ಚಬೇಕೆಂದರೆ ಇನ್ನು ಹೆಂಗಸರು ಡಾಕ್ಟರ ಮುಂದೆ ಮಲಗಬೇಕಾಗಿಲ್ಲವಂತೆ, ಮನೆಯ ಬಚ್ಚಲಲ್ಲೇ ಬಾಗಿಲು ಹಾಕಿಕೊಂಡು ತಾವೇ ತೆಗೆದು ಕೊಟ್ಟರೆ ಸಾಕಂತೆ. ಅಗದಿ ಹೊಸದಿದು ಅಜ್ಜಿ, ಎಂದು ಹೇಳಿದಳು. ಹೊಸದಲ್ಲವೇ ತಂಗಿ, ಐವತ್ತು ವರ್ಷದ ಹಿಂದೆ ಇದನ್ನೇ ಗಾಜಿನಲ್ಲಿ ಮಾಡಿಸಿ ನಾನು ಹೆಗಲ ಮೇಲೆ ಹೊತ್ತು ತಿರುಗಿದ್ದೇನೆ ಎಂದೆ. ಮುದುಕಿಗೆ ಮರೆವು ಎಂಬಂತೆ ನಕ್ಕಳು. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಇದನ್ನು ಬರೆಯಲು ಕುಳಿತಿದ್ದೇನೆ.

ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಊರಿಗೆ ವರ್ಗವಾಯಿತು, ಬೀಳ್ಕೊಡುಗೆಗೆ ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿ ಬರುವುದಿಲ್ಲ. ಅದು ಬೇಕಾದವರಿಗೆ ಪಿಂಚಣಿ ಕಾಗದದಲ್ಲಿದೆ. ಭಾಗ್ಯಳಂಥವರಿಗೆ ಬೇಕಾದದ್ದು ನಾನು ಎಲ್ಲೆಲ್ಲಿ ತಪ್ಪಿದೆ ಎಂಬುದು. ಅದನ್ನು ಹೇಳುತ್ತೇನೆ.

ಎಪ್ಪತ್ತರ ದಶಕದಲ್ಲಿ ನಾನು ಹಳ್ಳಿ ತಿರುಗುವ ನರ್ಸು. ಊರಿಗೆ ಆಗ ಬಿಜಾಪುರ ಎಂದೇ ಹೆಸರು. ಗೋಳಗುಮ್ಮಟದ ಹಿಂದಿನ ಓಣಿಯಲ್ಲೊಂದು ಕೋಣೆ ಹಿಡಿದಿದ್ದೆ. ಬೆಳಿಗ್ಗೆ ತಿಕೋಟಾ ಬಸ್ಸು ಇಲ್ಲವೇ ಬಬಲೇಶ್ವರದ ಬಸ್ಸು ಹತ್ತುವುದು, ಇಳಿದು ನಡೆಯುವುದು, ಹೆರಿಗೆ, ಸೂಜಿ, ಕೂಸಿನ ತೂಕ, ಸಂಜೆ ಹೊರಳಿ ಬರುವುದು. ಇಂದುಮತಿ ಡಾಕ್ಟರು ನನ್ನನ್ನು ಎರವಲು ಪಡೆಯುವವರೆಗೂ ನನ್ನ ಕೆಲಸ ಇಷ್ಟೇ ಇತ್ತು.

ಇಂದುಮತಿ ಡಾಕ್ಟರು ಧಾರವಾಡ ಕಡೆಯವರು. ಹೊರದೇಶದಲ್ಲಿ ಕಲಿತು ಬಂದು ಬಿಜಾಪುರದ ಒಂದು ಆಸ್ಪತ್ರೆಯಲ್ಲಿ ಹೆಂಗಸರ ವಿಭಾಗ ನೋಡುತ್ತಿದ್ದರು. ಗರ್ಭಕೊರಳಿನ ಕ್ಯಾನ್ಸರ್ ಬಂದ ಹೆಂಗಸರು ಅವರ ಹತ್ತಿರ ಬರುವ ಹೊತ್ತಿಗೆ ಕೈಮೀರಿರುತ್ತಿತ್ತು. ಚಕ್ಕಡಿಯಲ್ಲಿ ಕೌದಿ ಹಾಸಿ ಮಲಗಿಸಿಕೊಂಡು ತರುತ್ತಿದ್ದರು. ಮೊದಲೇ ಬಾ ಎಂದರೆ ಯಾರು ಬರುತ್ತಾರೆ? ಹೆಚ್ಚಿನ ಕಡೆ ಗಂಡಸು ಡಾಕ್ಟರು, ಎತ್ತರದ ಮೇಜು, ಕಬ್ಬಿಣದ ಸಾಮಾನು. ನಾಲ್ಕು ಹೆತ್ತ ಹೆಂಗಸು ಕೂಡ ಆ ಮೇಜು ನೋಡಿದರೆ ಎದ್ದು ಹೋಗುತ್ತಿದ್ದಳು. ಅವರು ಬರದಿದ್ದರೆ ನಾವೇ ಹೋಗೋಣ, ಆದರೆ ಮುಟ್ಟುವುದು ಬೇಡ, ಅವರೇ ತೆಗೆದುಕೊಡಲಿ ಎಂಬುದು ಡಾಕ್ಟರ ಯೋಚನೆ.

ಅವರು ಒಂದು ಕಟ್ಟಿಗೆಯ ಪೆಟ್ಟಿಗೆ ತರಿಸಿದ್ದರು. ಅದರಲ್ಲಿ ಗೇಣುದ್ದದ ಗಾಜಿನ ಕೊಳವೆಗಳು, ಒಂದೊಂದರ ತುದಿಗೆ ರಬ್ಬರಿನ ಗುಂಡು. ಕೊಳವೆಯಲ್ಲಿ ಔಷಧದ ನೀರು. ಹೆಂಗಸು ಮಲಗಿಕೊಂಡು ತಾನೇ ಅದನ್ನು ಒಳಗಿಟ್ಟು ಗುಂಡು ಒತ್ತಬೇಕು. ನೀರು ಒಳಗೆ ಹೋಗಿ ಗರ್ಭಕೊರಳನ್ನು ತೊಳೆಯುತ್ತದೆ. ಕೈ ಸಡಿಲಿಸಿದರೆ ಅದೇ ನೀರು ಹಿಂದಕ್ಕೆ ಬರುತ್ತದೆ. ಅದನ್ನು ಬಾಟಲಿಗೆ ಸುರಿದು ಬಿರಟೆ ಹಾಕಿದರೆ ಅವಳ ಕೆಲಸ ಮುಗಿಯಿತು. ಆ ನೀರಿನಲ್ಲಿ ಉದುರಿದ ಜೀವಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಹಚ್ಚಿ, ಬಣ್ಣ ಕೊಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುವುದು ನಮ್ಮ ಕೆಲಸ. ಹಚ್ಚುವುದು, ಬಣ್ಣ ಕೊಡುವುದು ನಾನು ಕಲಿತೆ. ನೋಡುವುದು ಡಾಕ್ಟರೇ.

ಹೆಂಗಸರು ಅದಕ್ಕೆ ಪಿಚಕಾರಿ ಎಂದು ಹೆಸರಿಟ್ಟರು. ಕಾಳಿನ ಚೀಲಗಳ ನಡುವೆ ಹತ್ತಾರು ಜನರನ್ನು ಕೂಡಿಸಿಕೊಂಡು, ಎಡಗೈ ಮುಷ್ಟಿ ಮಾಡಿ, ಅದರ ಸಂದಿಯಲ್ಲಿ ಕೊಳವೆ ತೂರಿಸಿ ತೋರಿಸುತ್ತಿದ್ದೆ. ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಕ್ಕರೆ ಕೆಲಸ ಅರ್ಧ ಆದಂತೆ. ಬಾಟಲಿಯಲ್ಲಿ ಸ್ಪಿರಿಟ್ಟಿನ ವಾಸನೆ ಇರುತ್ತಿತ್ತು. ತಿಕೋಟಾ ಬಸ್ಸಿನ ಕಂಡಕ್ಟರೊಬ್ಬ ನನ್ನ ಚೀಲ ಮೂಸಿ, ನರ್ಸಬಾಯಾರೂ ಸೆರೆ ಸಾಗಿಸಾಕತ್ತಾರ ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿದ. ಕುಡಿದು ನೋಡು ಎಂದೆ. ಮುಂದೆ ಎಂದೂ ಆತ ನನ್ನ ಚೀಲಕ್ಕೆ ಕೈ ಹಚ್ಚಲಿಲ್ಲ.

ಬಿಜ್ಜರಗಿಯಲ್ಲಿ ಮಾತ್ರ ನಗು ಇರಲಿಲ್ಲ. ಆಗ ಎಲ್ಲ ಕಡೆ ಸಂತಾನಹರಣ ಆಪರೇಶನ್ ಕೇಸು ತರಬೇಕೆಂಬ ಒತ್ತಡವಿದ್ದ ಕಾಲ. ನನ್ನ ಮೇಲಿನ ಸಾಹೇಬರಿಗೆ ಬೇರೆ ಯಾವ ಲೆಕ್ಕವೂ ಕಿವಿಗೆ ಬೀಳುತ್ತಿರಲಿಲ್ಲ. ಕ್ಯಾನ್ಸರ್ ಎಂದು ಬಾಯಿ ತೆರೆದರೆ, ಮೊದಲು ಕೇಸು ಎಷ್ಟು ತಂದೀ ಹೇಳು ಎನ್ನುತ್ತಿದ್ದರು. ಬಿಜ್ಜರಗಿಯ ಹೆಂಗಸರು ನನ್ನ ಪಿಚಕಾರಿಯನ್ನು ಮಕ್ಕಳಾಗದಂತೆ ಮಾಡುವ ಯಂತ್ರ ಎಂದುಕೊಂಡರು. ಕುರಿ ಹಟ್ಟಿಯ ಮುಂದೆ ಒಬ್ಬಾಕೆ ನನ್ನ ಕಣ್ಣೆದುರೇ ನಾಲ್ಕು ಕೊಳವೆಗಳನ್ನು ಕಲ್ಲಿಗೆ ಕುಕ್ಕಿ ಒಡೆದಳು. ಅವಳ ಮೇಲೆ ನನಗೆ ಈಗಲೂ ಸಿಟ್ಟಿಲ್ಲ. ಬೇಡ ಎಂದು ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳೇ. ಬೇಡ ಎನ್ನಲಾರದವರು ಹೆಚ್ಚು ಕಷ್ಟ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ತಿಕೋಟಾದ ಒಬ್ಬ ಹೆಂಗಸಿನ ಬಾಟಲಿಯಲ್ಲಿ ಕೆಟ್ಟ ಜೀವಕೋಶ ಕಂಡವು. ಆಕೆಗೆ ನೋವಿರಲಿಲ್ಲ, ರಕ್ತ ಇರಲಿಲ್ಲ, ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಗಂಡನ ಕೈಕಾಲು ಹಿಡಿದು ಕರೆದುಕೊಂಡು ಬಂದೆ. ಡಾಕ್ಟರು ಗರ್ಭಕೋಶ ತೆಗೆದರು. ಉಳಿದಳು. ಮೊಮ್ಮಕ್ಕಳನ್ನು ಕಂಡಳು. ಆವತ್ತಿನಿಂದ ನನ್ನ ತಲೆ ನಿಲ್ಲಲಿಲ್ಲ. ಬಾಟಲಿ ಹೇಳಿದ್ದೇ ಸತ್ಯ ಎಂದು ನಂಬಿದೆ. ಎಷ್ಟು ಬಾಟಲಿ ತುಂಬಿ ಬಂದವು ಎಂಬುದೇ ನನ್ನ ಹೆಮ್ಮೆಯಾಯಿತು. ಆಪರೇಶನ್ ಕೇಸು ಎಣಿಸುವ ಸಾಹೇಬರನ್ನು ಬೈಯುತ್ತಿದ್ದವಳು ನಾನೂ ಎಣಿಸತೊಡಗಿದೆ.

ಗಂಗವ್ವನ ಊರು ಬಬಲೇಶ್ವರದಿಂದ ಎರಡು ಹರದಾರಿ. ಊರಿನ ಹೆಸರು ಬೇಡ, ಆ ಮನೆಯವರು ಈಗಲೂ ಅಲ್ಲಿದ್ದಾರೆ. ಬಸ್ಸಿಲ್ಲ, ನಡೆದೇ ಹೋಗಬೇಕು. ದಾರಿಯುದ್ದಕ್ಕೂ ಕರಿ ಹೊಲ, ಒಂದು ಗಿಡದ ನೆರಳಿಲ್ಲ. ಊರು ಮುಟ್ಟುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಊರ ಬಾಯಿಗೇ ಗಂಗವ್ವನ ಮನೆ. ಗಂಡ ತೀರಿಹೋಗಿದ್ದ. ಒಬ್ಬನೇ ಮಗ, ಒಬ್ಬಳೇ ಸೊಸೆ. ಆಕೆ ನನ್ನನ್ನು ಮೊದಲ ಸಲ ನೋಡಿದಾಗ ಹೆಸರು ಕೂಡ ಕೇಳಲಿಲ್ಲ. ತಂಬಿಗೆ ನೀರು ಕೊಟ್ಟು, ಬೆಲ್ಲ ಕೊಟ್ಟು, ಮುಖ ತೊಳೆದುಕೊಳ್ಳಿ ಎಂದು ಒಳಗೆ ಕರೆದಳು. ಆಮೇಲೆ ಆ ಊರಿಗೆ ಹೋದಾಗಲೆಲ್ಲ ನನ್ನ ಊಟ ಅಲ್ಲೇ. ಒಮ್ಮೆ ನನ್ನ ಬುತ್ತಿ ಡಬ್ಬಿ ಅಲ್ಲೇ ಮರೆತು ಬಂದಿದ್ದೆ. ಮುಂದಿನ ವಾರ ಡಬ್ಬಿ ಹುರಿದ ಶೇಂಗಾ ತುಂಬಿಕೊಂಡು ನನ್ನ ಕೈಗೆ ಬಂತು. ಮನೆಗೆ ಬಂದ ಪಾತ್ರೆಯನ್ನು ಖಾಲಿ ಕಳಿಸದಿರುವುದು ನಮ್ಮ ಕಡೆ ಎಲ್ಲರ ಮನೆಯ ರೀತಿ. ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ನಾನೂ ಹಾಗೇ ಬೆಳೆದವಳು, ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಸೊಸೆ ನೀಲವ್ವನಿಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ತವರು ಮಮದಾಪುರ. ಮಾತು ಕಡಿಮೆ. ಅತ್ತೆ ಸೊಸೆ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಅಂಥದ್ದನ್ನು ನಾನು ಹೆಚ್ಚು ಮನೆಗಳಲ್ಲಿ ನೋಡಿಲ್ಲ.

ಆ ಊರಿನಲ್ಲಿ ಬಾಟಲಿ ಹಂಚಿದ ದಿನ ಗಂಗವ್ವನ ಪಡಸಾಲೆಯಲ್ಲೇ ಹೆಂಗಸರನ್ನು ಕೂಡಿಸಿದ್ದೆ. ಎಲ್ಲರಿಗೂ ಒಂದೇ ಪ್ರಶ್ನೆಗಳು. ವಯಸ್ಸೆಷ್ಟು, ಮುಟ್ಟು ನಿಂತಿದೆಯೇ, ಬಿಳಿ ಹೋಗುತ್ತದೆಯೇ, ನಡುನಡುವೆ ರಕ್ತ ಕಾಣುತ್ತದೆಯೇ. ಎಲ್ಲರ ಮುಂದೆಯೇ ಕೇಳುತ್ತಿದ್ದೆ. ಗಂಗವ್ವ, ಮುಟ್ಟು ನಿಂತು ಆರೇಳು ವರ್ಷವಾಯಿತು, ರಕ್ತಗಿಕ್ತ ಏನೂ ಇಲ್ಲ ಎಂದಳು. ಆಗ ಬಾಗಿಲಲ್ಲಿ ಮಗ ಎತ್ತಿನ ಹಗ್ಗ ಹೊಸೆಯುತ್ತ ಕುಳಿತಿದ್ದ. ಬೇರೆ ಯಾವ ಉತ್ತರವನ್ನು ಆಕೆ ಕೊಡಬಹುದಿತ್ತು? ನಾನು ಇಲ್ಲ ಎಂದು ಬರೆದುಕೊಂಡೆ. ನೀಲವ್ವನ ಬಾಟಲಿಗೆ ಪಟ್ಟಿ ಅಂಟಿಸಿ ನಲವತ್ತೊಂದು ಎಂದು ಬರೆದೆ, ಗಂಗವ್ವನದಕ್ಕೆ ನಲವತ್ತೆರಡು. ಮರುದಿನ ಹೋದಾಗ ಊರಿನ ಅಷ್ಟೂ ಬಾಟಲಿ ತುಂಬಿ ಬಂದಿದ್ದವು. ಒಂದೂ ಖಾಲಿ ಇಲ್ಲ. ಹಿಗ್ಗಿಹೋದೆ.

ಇಲ್ಲಿ ಹೊಸಬರಿಗೆ ಒಂದು ವಿಷಯ ಹೇಳಬೇಕು. ಮುಟ್ಟು ನಿಂತು ವರ್ಷಗಳಾದ ಹೆಂಗಸಿನ ಜೀವಕೋಶ ಬೇರೆ, ಹರೆಯದವಳದ್ದು ಬೇರೆ. ಸೂಕ್ಷ್ಮದರ್ಶಕದಲ್ಲಿ ಹರೆಯದವಳವು ಅಗಲವಾಗಿ, ಚಪ್ಪಟೆಯಾಗಿ ಹರಡಿಕೊಂಡಿರುತ್ತವೆ. ವಯಸ್ಸಾದವಳವು ಸಣ್ಣ, ದುಂಡಗೆ. ಬಲ್ಲವರಿಗೆ ಒಂದು ನೋಟ ಸಾಕು. ಇಂದುಮತಿ ಡಾಕ್ಟರು ಬಲ್ಲವರು.

ಅವರು ನಲವತ್ತೊಂದನ್ನು ನೋಡಿ ಪಕ್ಕಕ್ಕಿಟ್ಟರು. ನಲವತ್ತೆರಡನ್ನು ನೋಡಿದರು, ಮತ್ತೆ ನಲವತ್ತೊಂದನ್ನು ಹಾಕಿದರು, ಮತ್ತೆ ನಲವತ್ತೆರಡು. ಆಮೇಲೆ ಕಣ್ಣು ಎತ್ತಿ, "ಶಾರದಾ, ಈಕಿಗೆ ಮುಟ್ಟು ನಿಂತದ ಅಂತ ಬರದೀಯಲ್ಲ, ಇವು ಸಣ್ಣ ವಯಸ್ಸಿನಾಕಿ ಸೆಲ್ಸ್ ಇದ್ದಂಗ ಅವ" ಎಂದರು.

ನಾನು ಏನು ಹೇಳಿದೆ? ಆ ಹಳ್ಳಿ ಹೆಂಗಸರಿಗೆ ತಮ್ಮ ವಯಸ್ಸೇ ಗೊತ್ತಿರುವುದಿಲ್ಲ ಮೇಡಂ, ನಾನೇ ಅಂದಾಜಿಗೆ ಬರೆದಿದ್ದೇನೆ ಎಂದೆ. ಅರ್ಧ ಸತ್ಯ. ವಯಸ್ಸು ಅಂದಾಜಿನದು ನಿಜ. ಆದರೆ ಮುಟ್ಟು ನಿಂತಿದೆ ಎಂದು ಗಂಗವ್ವ ಬಾಯಿಬಿಟ್ಟು ಹೇಳಿದ್ದಳು, ಆಕೆಯ ತಲೆ ಅರ್ಧ ಬೆಳ್ಳಗಿತ್ತು, ಅದು ನನ್ನ ಕಣ್ಣಿಗೆ ಕಂಡಿತ್ತು. ಡಾಕ್ಟರು ಒಮ್ಮೆ ಹೋಗಿ ಕೇಳಿಕೊಂಡು ಬಾ ಎಂದರು. ಆಗಲಿ ಎಂದೆ. ಹೋಗಲಿಲ್ಲ. ಬಿಸಿಲು ಜೋರಿತ್ತು, ಎರಡು ಹರದಾರಿ ನಡೆಯಬೇಕಿತ್ತು, ಬೇರೆ ಊರುಗಳಿದ್ದವು. ಇವೆಲ್ಲ ನೆಪ. ಒಳಗಿನ ಮಾತು ಬೇರೆ. ಒಂದು ಬಾಟಲಿಯೂ ಖಾಲಿ ಬರದ ನನ್ನ ಊರಿನ ಬಗ್ಗೆ ಯಾರೇ ಸಂಶಯ ಪಡುವುದು ನನಗೆ ಬೇಕಿರಲಿಲ್ಲ. ಮುಂದಿನ ವಾರ ಡಾಕ್ಟರು ಕೇಳಿದಾಗ, ಎಲ್ಲ ಸರಿ ಇದೆ ಎಂದುಬಿಟ್ಟೆ. ನಲವತ್ತು ವರ್ಷದ ನೌಕರಿಯಲ್ಲಿ ನಾನು ಆಡಿದ ಸುಳ್ಳುಗಳಲ್ಲಿ ಅದೇ ಚಿಕ್ಕದು, ಅದೇ ದೊಡ್ಡದು.

ಹದಿನೈದು ದಿನ ಬಿಟ್ಟು ವರದಿ ತೆಗೆದುಕೊಂಡು ಹೋದೆ. ನಿಮ್ಮಿಬ್ಬರದೂ ಚೊಕ್ಕ ಇದೆ, ಏನೂ ಇಲ್ಲ ಎಂದು ಹೇಳಿದೆ. ನೀಲವ್ವ ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಿದ್ದಳು. ಗಂಗವ್ವ, "ಇಬ್ಬರದೂ ಏನೂ ಇಲ್ಲೇನ್ರಿ?" ಎಂದು ಕೇಳಿದಳು. ಇಬ್ಬರದೂ ಎಂದೆ. ಆಕೆ ಸುಮ್ಮನಾದಳು. ನೆಮ್ಮದಿಗೆ ಮಾತು ಬರಲಿಲ್ಲ ಎಂದು ನಾನು ತಿಳಿದೆ. ಮನುಷ್ಯ ಸುಮ್ಮನಾದಾಗ ನಿಂತು ಇನ್ನೊಂದು ಮಾತು ಕೇಳಬೇಕೆಂಬುದನ್ನು ಯಾವ ತರಬೇತಿಯಲ್ಲೂ ನಮಗೆ ಕಲಿಸಿರಲಿಲ್ಲ. ರೊಟ್ಟಿ ತಿಂದು, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಬಂದೆ.

ಆಮೇಲೆ ನನ್ನನ್ನು ಸಾಹೇಬರು ಬೇರೆ ಕಡೆ ಹಾಕಿದರು. ಮತ್ತೆ ಆ ಊರಿಗೆ ಹೋದದ್ದು ಎಂಟು ತಿಂಗಳ ನಂತರ. ಬಾಗಿಲಲ್ಲಿ ಕಾಲಿಟ್ಟ ಕೂಡಲೇ ತಿಳಿಯಿತು. ಆ ವಾಸನೆಯನ್ನು ಹೆಂಗಸರ ವಾರ್ಡಿನಲ್ಲಿ ಕೆಲಸ ಮಾಡಿದವರು ಮರೆಯುವುದಿಲ್ಲ, ಬರೆದು ಹೇಳಲೂ ಬರುವುದಿಲ್ಲ. ನೀಲವ್ವ ಹಿತ್ತಲಲ್ಲಿ ಅರಿವೆ ಒಗೆಯುತ್ತಿದ್ದಳು. ಗಂಗವ್ವ ಗೋಡೆಗೆ ಒರಗಿ ಕುಳಿತಿದ್ದಳು. ಮುಖ ಅರಿಷಿಣವಾಗಿತ್ತು. ಅಂಥದ್ದರಲ್ಲೂ, ಬರ್ರಿ ಬಾಯಾರ, ಭಾಳ ದಿನಾ ಆತು ಎಂದು ಏಳಲು ನೋಡಿದಳು. ಬೇಡವೆಂದು ಆಕೆಯ ಹೆಗಲು ಹಿಡಿದು ಕೂಡಿಸಿದೆ. ಅಲ್ಲೇ ಕುಳಿತೆ.

ಮರುದಿನವೇ ಚಕ್ಕಡಿ ಕಟ್ಟಿಸಿ ಬಬಲೇಶ್ವರಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಬಿಜಾಪುರಕ್ಕೆ ಕರೆತಂದೆವು. ಇಂದುಮತಿ ಡಾಕ್ಟರು ಒಳಗೆ ನೋಡಿ, ಕೈ ತೊಳೆದು ಹೊರಗೆ ಬಂದರು. ನಾನು ಕೇಳುವ ಮೊದಲೇ ತಲೆ ಅಲ್ಲಾಡಿಸಿದರು. ರಿಜಿಸ್ಟರ್ ತರಿಸಿ ನಲವತ್ತೆರಡನೆಯ ಸಾಲು ತೆಗೆದರು. ಬಹಳ ಹೊತ್ತು ನೋಡಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಂಟು ತಿಂಗಳ ಹಿಂದೆ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಅಷ್ಟೇ ಹೇಳಿ ಎದ್ದುಹೋದರು.

ಅಂದು ಮಧ್ಯಾಹ್ನ ವಾರ್ಡಿನಲ್ಲಿ ಗಂಗವ್ವನ ಪಕ್ಕ ಕುಳಿತೆ. ಮಗ, ಸೊಸೆ ಹೊರಗೆ ಚಹಾಕ್ಕೆ ಹೋಗಿದ್ದರು. ಮೊದಲ ಬಾರಿಗೆ ಆಕೆಯನ್ನು ಯಾರೂ ಇಲ್ಲದಾಗ ಕೇಳಿದೆ. ರಕ್ತ ಯಾವಾಗಿನಿಂದ? ನಾನು ಪಿಚಕಾರಿ ತರುವುದಕ್ಕಿಂತ ಮೊದಲಿನಿಂದ ಎಂದಳು. ಹಾಗಾದರೆ ಆ ಬಾಟಲಿ?

"ಆ ಬಾಟ್ಲಿ ನಾ ತುಂಬಲಿಲ್ರಿ. ಪಿಚಕಾರಿ ಮುಟ್ಟಿಸಿದ ಕೂಡ್ಲೆ ರಕ್ತ ಬಂತು, ಅಂಜಿ ಬಿಟ್ಟೆ. ನೀವರ ಅಷ್ಟು ಬಿಸಲಾಗ ನಡಕೊಂತ ಬಂದಿದ್ರಿ. ಕೊಟ್ಟ ಬಾಟ್ಲಿ ಖಾಲಿ ಹೆಂಗ ಹೊಳ್ಳಿ ಕೊಡೂದು? ನಮ್ಮ ಮನಿಂದ ಎಂದೂ ಖಾಲಿ ಭಾಂಡೆ ಹೋಗಿಲ್ರಿ. ನೀಲವ್ವಗ ಹೇಳಿದೆ, ನಿಂದರಾಗಽ ಇದನ್ನೂ ತುಂಬು ಅಂತ."

ಆಕೆಯೇ ಮುಂದುವರಿಸಿದಳು. ನೀವು ಬಂದು ಇಬ್ಬರದೂ ಚೊಕ್ಕ ಇದೆ ಎಂದಿರಿ, ಒಂದೇ ಮನೆಯವರು, ಒಂದೇ ನೀರು ಕುಡಿಯುವವರು, ಅವಳಿಗಿಲ್ಲದ್ದು ನನಗೂ ಇರಲಿಕ್ಕಿಲ್ಲ ಎಂದು ಧೈರ್ಯ ತಂದುಕೊಂಡೆ, ರಕ್ತ ಉಷ್ಣಕ್ಕೆ ಹೋಗುತ್ತದೆ ಎಂದುಕೊಂಡು ಮಜ್ಜಿಗೆ ಕುಡಿದೆ ಎಂದಳು. ಆಮೇಲೆ ನನ್ನ ಮುಂಗೈ ಹಿಡಿದಳು. ಬೆರಳುಗಳಲ್ಲಿ ಬಲವಿರಲಿಲ್ಲ.

"ಇದನ್ನ ನೀಲವ್ವನ ಮುಂದ ಆಡಬ್ಯಾಡ್ರಿ. ಬ್ಯಾನಿ ಆಮ್ಯಾಲ ಬಂತು ಅಂತ ತಿಳದಾಳ ಆಕಿ. ಹಂಗಽ ತಿಳಕೊಂಡಿರಲಿ. ಹೇಳೂದಿಲ್ಲ ಅಂತ ನನಗ ಮಾತು ಕೊಡ್ರಿ."

ಕೊಟ್ಟೆ. ಗಂಗವ್ವ ಉಳಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆಕೆಗೆ ಆಗ ಬೇಕಾಗಿದ್ದದ್ದು ಅದೊಂದೇ.

ಮಿರಜಿನ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಅಲ್ಲಿ ಕರೆಂಟು ಕೊಟ್ಟರು, ಜನ ವಿಕಿರಣ ಚಿಕಿತ್ಸೆಗೆ ಹಾಗೇ ಹೇಳುತ್ತಾರೆ. ರಕ್ತ ನಿಂತಿತು, ನೋವು ನಿಲ್ಲಲಿಲ್ಲ. ನೀಲವ್ವ ಅಲ್ಲಿಯೂ ಜೊತೆಗಿದ್ದಳು, ಮನೆಗೆ ಬಂದ ಮೇಲೆ ನಾಲ್ಕು ತಿಂಗಳು ಹೇಸಿಗೆಯನ್ನೆಲ್ಲ ಎರಡೂ ಕೈಯಿಂದ ಬಳಿದಳು. ಕೊನೆಯ ದಿನಗಳಲ್ಲಿ ಊರವರು ಆ ಮನೆಯ ಮುಂದೆ ಹಾದುಹೋಗುವಾಗ ಸೆರಗು ಮೂಗಿಗೆ ಹಿಡಿಯುತ್ತಿದ್ದರು. ನೀಲವ್ವ ಮಾತ್ರ ಅತ್ತೆಯ ಪಕ್ಕದಲ್ಲೇ ಮಲಗುತ್ತಿದ್ದಳು. ಗಂಗವ್ವ ಮುಂಗಾರಿಗೆ ಮೊದಲು ಹೋದಳು. ಹೋದದ್ದು ಒಳ್ಳೆಯದಾಯಿತು ಎಂದು ಎಲ್ಲರೂ ಅಂದರು. ನಾನೂ ಅಂದೆ.

ಗಂಗವ್ವನ ದಿನಕರ್ಮ ಮುಗಿದ ಮೇಲೆ ಹೋಗಿ ನೀಲವ್ವನಿಗೆ ಹೊಸದೊಂದು ಬಾಟಲಿ, ಕೊಳವೆ ಕೊಟ್ಟೆ. ವರ್ಷವಾಯಿತು, ನಿನ್ನದು ಮತ್ತೊಮ್ಮೆ ನೋಡೋಣ ಎಂದೆ. ಮನಸ್ಸು ಸರಿಯಾಗಲಿ, ತುಂಬಿಡುತ್ತೇನೆ ಎಂದಳು. ಆಕೆಯನ್ನು ಕಾಪಾಡಿಕೊಂಡರೆ ಗಂಗವ್ವನ ಋಣ ಸ್ವಲ್ಪವಾದರೂ ತೀರೀತು ಎಂಬ ಆಸೆ ನನಗೆ.

ಕೆಲಸದ ರೀತಿ ಬದಲಿಸಿದೆವು. ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ, ನನ್ನ ಸುಳ್ಳನ್ನು ಕೂಡ. ಅವರು, ತಪ್ಪು ನಿನ್ನೊಬ್ಬಳದಲ್ಲ, ಸ್ಲೈಡ್ ನೋಡಿ ಸಂಶಯ ಬಂದ ಮೇಲೂ ಸಹಿ ಹಾಕಿದವಳು ನಾನು ಎಂದರು. ಅಂದಿನಿಂದ ಪ್ರಶ್ನೆಗಳನ್ನು ಒಬ್ಬೊಬ್ಬರನ್ನೇ ಒಳಕೋಣೆಗೆ ಕರೆದು ಕೇಳುವುದು, ರಕ್ತ ಎಂದವಳಿಗೆ ಬಾಟಲಿ ಕೊಡದೆ ನೇರವಾಗಿ ಆಸ್ಪತ್ರೆಗೆ ಕರೆತರುವುದು, ಜೀವಕೋಶಕ್ಕೂ ವಯಸ್ಸಿಗೂ ತಾಳೆಯಾಗದಿದ್ದರೆ ಮತ್ತೆ ಮನೆಗೆ ಹೋಗುವುದು. ಎಲ್ಲಕ್ಕಿಂತ ಹೆಚ್ಚಾಗಿ, ಆಗದಿದ್ದರೆ ಖಾಲಿ ಬಾಟಲಿ ಕೊಡಿ, ಖಾಲಿ ಕೊಟ್ಟರೆ ನನಗೆ ಅವಮಾನವಿಲ್ಲ ಎಂದು ಕೈಮುಗಿದು ಹೇಳುವುದು. ಯಾರೂ ನಂಬುತ್ತಿರಲಿಲ್ಲ. ತಲೆ ಆಡಿಸಿ, ತುಂಬಿಯೇ ಕೊಡುತ್ತಿದ್ದರು.

ಅವರು ನಂಬಲಿ ಎಂದು ನಾನು ಒಂದು ಕಥೆ ಹೇಳಲು ಸುರು ಮಾಡಿದೆ. ಒಂದು ಊರು, ಒಬ್ಬ ಅತ್ತೆ, ಒಬ್ಬ ಸೊಸೆ, ಎರಡು ಬಾಟಲಿ. ಹೆಸರಿಲ್ಲ, ಊರಿಲ್ಲ. ಕೇಳಿದ ಹೆಂಗಸರ ಕಣ್ಣಲ್ಲಿ ನೀರು ಬರುತ್ತಿತ್ತು, ಕೆಲವರು ಖಾಲಿ ಬಾಟಲಿ ತಂದು ಕೊಟ್ಟು, ನನಗೆ ರಕ್ತ ಹೋಗುತ್ತದೆ ಎಂದು ಹೇಳತೊಡಗಿದರು. ಅವರಲ್ಲಿ ಇಬ್ಬರು ಹೊತ್ತಿಗೆ ಸರಿಯಾಗಿ ಸಿಕ್ಕರು. ಹಾಗಾಗಿ ನಾನು ಮಾಡಿದ್ದು ತಪ್ಪೋ ಸರಿಯೋ ಇಂದಿಗೂ ನನಗೆ ತಿಳಿಯದು. ಆದರೆ ಆ ಕಥೆಯನ್ನು ನಾನು ಮಮದಾಪುರದಲ್ಲೂ ಹೇಳಿದೆ. ಕೆರೆಯ ದಂಡೆಯಲ್ಲಿ, ಹೆಂಗಸರ ನಡುವೆ ನಿಂತು. ನೀಲವ್ವನ ತವರು ಅದು ಎಂಬುದು ಹೇಳುವಾಗ ನೆನಪಾಗಲಿಲ್ಲ. ಅತ್ತೆಯನ್ನು ಮಿರಜಿಗೆ ಒಯ್ದ ಸೊಸೆ ಆ ಸೀಮೆಯಲ್ಲಿ ಎಷ್ಟು ಜನ ಇದ್ದಾರು? ನಾನು ಬಸ್ಸು ಹತ್ತುವ ಮೊದಲೇ ಅವರು ಹೆಸರು ಹೊಂದಿಸಿಯಾಗಿತ್ತು.

ಮಾತು ಬಬಲೇಶ್ವರದ ಸಂತೆಗೆ ಹೋಗಿ, ಅಲ್ಲಿಂದ ಗಂಗವ್ವನ ಊರಿಗೆ ಹೋಯಿತು. ಹೋಗುತ್ತ ಹೋಗುತ್ತ ರೂಪ ಬದಲಿಸಿತು. ಅತ್ತೆ ಬೇಡವಾಗಿ ಸೊಸೆಯೇ ಬಾಟಲಿ ಅದಲುಬದಲು ಮಾಡಿದಳು ಎಂದಾಯಿತು. ನಾಲ್ಕು ತಿಂಗಳು ಹೇಸಿಗೆ ಬಳಿದ ಕೈಗೆ ಊರು ಕೊಟ್ಟ ಹೆಸರು ಅದು. ಇದೆಲ್ಲ ನನ್ನ ಕಿವಿಗೆ ಬಿದ್ದದ್ದು ನೀಲವ್ವನ ಬಾಟಲಿ ತರಲು ಹೊರಟ ದಿನ, ಬಬಲೇಶ್ವರದ ಬಸ್ ನಿಲ್ದಾಣದಲ್ಲಿ. ಅಲ್ಲಿಂದಲೇ ಹಿಂದಕ್ಕೆ ಹೋಗೋಣವೆನಿಸಿತು. ಒಮ್ಮೆ ಹೋಗದೆ ಉಳಿದದ್ದು ಸಾಕು ಎಂದುಕೊಂಡು ನಡೆದೆ.

ನೀಲವ್ವ ಎಂದಿನಂತೆ ತಂಬಿಗೆ ನೀರು ಕೊಟ್ಟಳು. ಬೆಲ್ಲ ಕೊಡಲಿಲ್ಲ. ನಾನು ತಪ್ಪಾಯಿತು ಎಂದೆ. ನಿನ್ನ ತಪ್ಪು ಏನೂ ಇಲ್ಲ, ತಪ್ಪೆಲ್ಲ ನನ್ನದು, ನಾನು ಒಂದು ಸಲ ಬಂದು ಕೇಳಿದ್ದರೆ ನಿಮ್ಮತ್ತೆ ಬದುಕುತ್ತಿದ್ದಳು, ಅದನ್ನು ಊರ ನಡುವೆ ನಿಂತು ಹೇಳುತ್ತೇನೆ ಎಂದೆ. ಆಕೆ ಅಳಲಿಲ್ಲ, ಬೈಯಲಿಲ್ಲ. ಆ ಬಾಟಲಿಯಿಂದಲೇ ಹೀಗಾಯಿತೆಂದು ನಮ್ಮತ್ತಿಗೆ ಗೊತ್ತಿತ್ತೇ ಎಂದಷ್ಟೇ ಕೇಳಿದಳು. ಗೊತ್ತಿತ್ತು, ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು ಎಂದೆ. ಅದನ್ನು ಹೇಳುವಾಗಲೇ ಉಳಿದಿದ್ದ ಚೂರು ಮಾತನ್ನೂ ಮುರಿದೆ ಎಂದು ನನಗೆ ಹೊಳೆಯಿತು.

ಆಕೆ ಎದ್ದು ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ನಾನು ಕೊಟ್ಟ ಬಾಟಲಿಯಿತ್ತು. ಔಷಧದ ನೀರಿನ ಕೊಳವೆಯನ್ನು ಕೂಡ ಖಾಲಿ ಮಾಡಿದ್ದಳು. ಎರಡನ್ನೂ ಬೂದಿ ಹಾಕಿ ತಿಕ್ಕಿ, ತೊಳೆದು, ಬಿಸಿಲಿಗೆ ಒಣಗಿಸಿದ್ದಳು. ಪಟ್ಟಿಯ ಮೇಲಿನ ನಂಬರು ಕೂಡ ತೊಳೆದು ಹೋಗಿತ್ತು. ಅವನ್ನು ನನ್ನ ಕೈಯಲ್ಲಿಟ್ಟಳು.

"ನಮ್ಮತ್ತಿ ಇದ್ದಾಗ ಈ ಮನಿಂದ ಖಾಲಿ ಭಾಂಡೆ ಹೋಗತಿದ್ದಿಲ್ರಿ. ನಿಮಗ ಖಾಲಿನಽ ಬೇಕಂತಲ್ಲ, ಮಮದಾಪುರದಾಗ ಹೇಳೀರಂತ. ಒಯ್ರಿ."

ಊರ ನಡುವೆ ನಿಂತು ಹೇಳಲು ನಾನು ಹೋದೆ. ಕಟ್ಟೆಯ ಮೇಲೆ ಕುಳಿತವರು ಕೇಳಿದರು, ತಲೆ ಆಡಿಸಿದರು, ಚಹಾ ತರಿಸಿದರು. ಒಬ್ಬರೂ ನಂಬಲಿಲ್ಲ. ನರ್ಸಬಾಯಿ ಒಳ್ಳೆಯವಳು, ಆ ಹೆಣ್ಣನ್ನು ಉಳಿಸಲು ತನ್ನ ಮೇಲೆ ಹಾಕಿಕೊಳ್ಳುತ್ತಾಳೆ ಎಂದರು. ನೀಲವ್ವನ ಪರೀಕ್ಷೆ ಆಮೇಲೆ ಆಗಲೇ ಇಲ್ಲ. ನನ್ನ ಜಾಗಕ್ಕೆ ಬಂದ ನರ್ಸುಗಳಿಗೂ ಆಕೆ ಬಾಗಿಲು ತೆರೆಯಲಿಲ್ಲವಂತೆ.

ಭಾಗ್ಯ ನಿನ್ನೆ ಮತ್ತೆ ಬಂದಿದ್ದಳು. ಅವಳ ಊರುಗಳಲ್ಲಿ ಅಷ್ಟೂ ಕೊಳವೆಗಳು ತುಂಬಿ ಬಂದಿವೆ, ಒಂದೂ ಖಾಲಿ ಇಲ್ಲ ಎಂದು ಹಿಗ್ಗಿನಿಂದ ಹೇಳಿದಳು. ನಾನು ಎದ್ದು, ಗೋಡೆಯ ಗೂಡಿನಿಂದ ನೀಲವ್ವ ತೊಳೆದು ಕೊಟ್ಟ ಆ ಬಾಟಲಿ ತೆಗೆದು ಅವಳ ಮುಂದಿಟ್ಟೆ. ಇದರಲ್ಲೇನಿತ್ತು ಅಜ್ಜಿ ಎಂದು ಕೇಳಿದಳು. ಏನೂ ಇರಲಿಲ್ಲ, ಇಷ್ಟು ವರ್ಷ ಹಾಗೇ ಇಟ್ಟುಕೊಂಡಿದ್ದೇನೆ ಎಂದೆ. ಹೋಗು, ಮೊದಲು ಆ ಊರುಗಳಿಗೆ ಇನ್ನೊಮ್ಮೆ ಹೋಗಿ ಬಾ ಎಂದೆ. ಬಿಸಿಲು ಬಹಳ ಇದೆ ಅಜ್ಜಿ ಎಂದಳು.